24 ದಿನದಲ್ಲಿ ಮುಗಿದ ಟ್ಯೂಬ್: ಸುಕ್ಕಿನ ಚರ್ಮಕ್ಕೆ ಎಷ್ಟು ಪವರ್‌ನ ರೆಟಿನಾಯ್ಡ್ ಬೇಕು?

ಅವರು ಒಳಗೆ ಬಂದಾಗ ಮುಖಕ್ಕೆ ಮಾಸ್ಕ್ ಇತ್ತು. ಕೆಮ್ಮು, ನೆಗಡಿ ಏನೂ ಇರಲಿಲ್ಲ. ಕೂತ ಮೇಲೆ ಮಾಸ್ಕ್ ತೆಗೆದರು. ಬ್ಯಾಗಿನಿಂದ ಒಂದು ಟ್ಯೂಬ್ ತೆಗೆದು ಟೇಬಲ್ ಮೇಲೆ ಇಟ್ಟರು. ಚಾಪೆ ಸುತ್ತಿದ ಹಾಗೆ ತಳದಿಂದ ಬಾಯಿಯವರೆಗೂ ಸುತ್ತಿ, ಕೊನೆಯ ಹನಿವರೆಗೂ ಹಿಂಡಿದ ಟ್ಯೂಬ್.

"ಇದರ ಮೇಲೆ 0.1 ಅಂತ ಇದೆ ಡಾಕ್ಟ್ರೇ. ಪವರ್ ಜಾಸ್ತಿ ಆಯ್ತಾ?"

ಪ್ರಶ್ನೆ ಸಣ್ಣದು. ಉತ್ತರ ಸಿಗಲು ನಮ್ಮಿಬ್ಬರಿಗೂ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ನಡುವೆ ಅವರೂ ತಪ್ಪು ಮಾಡಿದರು, ನಾನೂ ಮಾಡಿದೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಬಂದಾಗ ಇದ್ದ ಸ್ಥಿತಿ

ವಯಸ್ಸು 57. ಪಿ.ಟಿ. ಟೀಚರ್. 30 ವರ್ಷಕ್ಕೂ ಜಾಸ್ತಿ ಮೈದಾನದ ಬಿಸಿಲಲ್ಲಿ ನಿಂತವರು. ಮುಟ್ಟು ನಿಂತು 6 ವರ್ಷವಾಗಿತ್ತು. ಬೇರೆ ಕಾಯಿಲೆ ಇಲ್ಲ, ದಿನಾ ನುಂಗುವ ಮಾತ್ರೆ ಇಲ್ಲ. ಮೈಬಣ್ಣ ಕಂದು. ಬಿಸಿಲಿಗೆ ಬೇಗ ಕಪ್ಪಾಗುವ, ಆದರೆ ಸುಲಭಕ್ಕೆ ಸುಡದ ಚರ್ಮ.

ಅವರ ದೂರು ಸುಕ್ಕಿನದ್ದೇ ಅಲ್ಲ. "ಮಕ್ಕಳು ವಾರಕ್ಕೊಂದು ಸಲ ಕೇಳ್ತಾರೆ, ಮೇಡಂ ಹುಷಾರಿಲ್ವಾ ಅಂತ. ನಾನು ಚೆನ್ನಾಗೇ ಇರ್ತೀನಿ. ಮುಖ ಮಾತ್ರ ಸುಸ್ತಾದವರ ಥರ ಕಾಣುತ್ತೆ." ಅದು ಮನಸ್ಸಿಗೆ ಹತ್ತಿತ್ತು. ತಂಗಿ ಮಗಳ ಬಳಿ ಮೊಡವೆಗೆ ಯಾವಾಗಲೋ ಬರೆಸಿಕೊಂಡಿದ್ದ ಟ್ರೆಟಿನಾಯಿನ್ ಕ್ರೀಮ್ ಇತ್ತು. (ರೆಟಿನಾಯ್ಡ್ ಅಂದರೆ ಎ ವಿಟಮಿನ್ ಗುಂಪಿನ ಮದ್ದು, ಟ್ರೆಟಿನಾಯಿನ್ ಅದರಲ್ಲೊಂದು.) ಒಡೆಯದ ಟ್ಯೂಬ್, 20 ಗ್ರಾಂ. "ಸುಕ್ಕಿಗೂ ಇದೇ ಹಚ್ಚೋದು ದೊಡ್ಡಮ್ಮ, ಪವರ್ ಜಾಸ್ತಿ ಇರೋದೇ ಒಳ್ಳೇದು" ಅಂತ ಅವಳು ಕೊಟ್ಟಳು, ಇವರು ಹಚ್ಚಿದರು. ರಾತ್ರಿ ಒಂದೂ ಬಿಡದೆ.

ಮುಖ ನೋಡಿದೆ. ಕಂದು ಚರ್ಮದಲ್ಲಿ ಉರಿಯೂತ ಅಂದರೆ ಪುಸ್ತಕದ ಚಿತ್ರದ ಕೆಂಪು ಕಾಣುವುದಿಲ್ಲ. ಇಟ್ಟಿಗೆ ಬಣ್ಣದ, ಮಬ್ಬಾದ ಛಾಯೆ. ಮೂಗಿನ ಪಕ್ಕದ ಸಂದಿಯಲ್ಲಿ ಬಿಳಿ ಸಿಪ್ಪೆ. ಬಾಯಿಯ ಎರಡೂ ಮೂಲೆ ಸೀಳಿದ್ದವು. ಕೆನ್ನೆಯ ಮೂಳೆಯ ಮೇಲೆ ಹೊಳಪು, ತೆಳು ಕಾಗದ ಎಳೆದು ಕಟ್ಟಿದ ಹಾಗೆ. ಮುಖಕ್ಕೆ ಬರೀ ನೀರು ಸೋಕಿದರೂ ಉರಿ ಅಂದರು.

ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ಇದು ಮದ್ದಿನ ಕೆರಳಿಕೆಯೋ, ಅಲರ್ಜಿಯೋ? ಅಲರ್ಜಿಯಾದರೆ ಸಾಮಾನ್ಯವಾಗಿ ತುರಿಕೆ ಜೋರಾಗಿರುತ್ತದೆ, ಹಚ್ಚದ ಜಾಗಕ್ಕೂ ಹರಡುತ್ತದೆ, ರೆಪ್ಪೆ ಊದಿಕೊಳ್ಳಬಹುದು, ಸಣ್ಣ ನೀರುಗುಳ್ಳೆ ಏಳಬಹುದು. ಇವರಿಗೆ ತುರಿಕೆ ಕಮ್ಮಿ, ಉರಿ ಮತ್ತು ಬಿಗಿತ ಜಾಸ್ತಿ. ಎಲ್ಲಿ ಹಚ್ಚಿದ್ದಾರೋ ಅಲ್ಲಿಗೇ ನಿಂತಿತ್ತು. ದವಡೆಯ ಗೆರೆ ದಾಟಿರಲಿಲ್ಲ. ಹಾಗಾಗಿ ಕೆರಳಿಕೆ. ಇದು ಮುಖ್ಯ. ಯಾಕೆಂದರೆ ಅಲರ್ಜಿಯಾಗಿದ್ದರೆ ಆ ಕ್ರೀಮಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೆರಳಿಕೆಯಾದರೆ ಅಳತೆ ಸರಿಮಾಡಿ ಮತ್ತೆ ಶುರು ಮಾಡಬಹುದು.

ಟ್ಯೂಬಿನ ಹಿಂದಿನ ಅಕ್ಷರಗಳನ್ನೂ ಓದಿದೆ. ಒಳಗೆ ಬರೀ ಟ್ರೆಟಿನಾಯಿನ್ ಇದೆಯಾ, ಜೊತೆಗೆ ಬೇರೆ ಏನಾದರೂ ಸೇರಿದೆಯಾ ಅಂತ ನೋಡಲೇಬೇಕು. ಕಲೆ ತಿಳಿಮಾಡುವ ಹೈಡ್ರೋಕ್ವಿನೋನ್, ಸ್ಟೀರಾಯ್ಡ್ ಎರಡೂ ಸೇರಿಸಿದ ಮೂರು ಮದ್ದಿನ ಕ್ರೀಮ್‌ಗಳಿವೆ. ಗಾಢ ಕಲೆಗೆ ಸ್ವಲ್ಪ ಕಾಲಕ್ಕೆ ಕೊಡುವಂಥವು. ಅದನ್ನೇ ಸುಮ್ನೆ ತಿಂಗಳುಗಟ್ಟಲೆ ಫೇಸ್ ಕ್ರೀಮ್ ಥರ ಹಚ್ಚಿಕೊಂಡು, ಸ್ಟೀರಾಯ್ಡಿನಿಂದ ಚರ್ಮ ತೆಳ್ಳಗಾಗಿ, ನರ ಕಾಣಿಸಿ, ಬಿಟ್ಟರೆ ಉರಿ ಅನ್ನುವ ಸ್ಥಿತಿಗೆ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಇವರ ಟ್ಯೂಬಲ್ಲಿ ಟ್ರೆಟಿನಾಯಿನ್ ಒಂದೇ ಇತ್ತು. ಅಷ್ಟು ನೆಮ್ಮದಿ.

ಆಮೇಲೆ ಕೇಳಿದೆ, "ಈ ಟ್ಯೂಬ್ ಯಾವತ್ತು ಒಡೆದಿರಿ?" ಹಾಜರಿ ಪುಸ್ತಕ ಬರೆಯುವವರು, ದಿನ ನೆನಪಿತ್ತು. 24 ದಿನ.

20 ಗ್ರಾಂ, 24 ರಾತ್ರಿ. ಅಂದರೆ ರಾತ್ರಿಗೆ 0.8 ಗ್ರಾಂಗಿಂತ ಜಾಸ್ತಿ. ಇಡೀ ಮುಖಕ್ಕೆ ಬೇಕಾಗಿದ್ದು ಬಟಾಣಿ ಕಾಳಿನಷ್ಟು, ಸುಮಾರು ಕಾಲು ಗ್ರಾಂ. ಮೂರು ಪಟ್ಟು ಮೀರಿತ್ತು. ನನ್ನ ಮಟ್ಟಿಗೆ ಅಲ್ಲಿಯ ಮುಖ್ಯ ಸುಳಿವು ಅವರ ಮುಖದ ಸಿಪ್ಪೆಯಲ್ಲ, ಆ ಖಾಲಿ ಟ್ಯೂಬು.

ಮೊದಲು ಉರಿ ಆರಬೇಕು

ಎಲ್ಲಾ ನಿಲ್ಲಿಸಿದೆವು. ಟ್ರೆಟಿನಾಯಿನ್ ಮಾತ್ರ ಅಲ್ಲ, ಗ್ಲೈಕಾಲಿಕ್ ಆಸಿಡ್ ಇದ್ದ ಫೇಸ್‌ವಾಶು, ವಾರಕ್ಕೆರಡು ಸಲ ಉಜ್ಜುತ್ತಿದ್ದ ಸ್ಕ್ರಬ್ಬು, ಎಲ್ಲವೂ. ಸಿಪ್ಪೆ ಏಳುತ್ತಿದೆ ಅಂತ ಸ್ಕ್ರಬ್ ಮಾಡುವುದು ಬಹಳ ಜನರ ಅಭ್ಯಾಸ. ಅದು ತೊಗಲು ಕಿತ್ತ ಮೊಣಕಾಲನ್ನು ಉಜ್ಜಿದ ಹಾಗೆ. ಹಾಗೆ ಹೇಳಿದಾಗ ಪಿ.ಟಿ. ಟೀಚರ್‌ಗೆ ತಕ್ಷಣ ಅರ್ಥವಾಯಿತು.

ನೊರೆ ಕಮ್ಮಿ ಬರುವ ಮೆದು ಕ್ಲೆನ್ಸರ್, ದಿನಕ್ಕೆ ಮೂರು ಸಲ ವಾಸನೆಯಿಲ್ಲದ ದಪ್ಪ ಮಾಯಿಶ್ಚರೈಸರ್, ಬಾಯಿಯ ಮೂಲೆಗೆ ವ್ಯಾಸಲೀನ್. ಬೆಳಿಗ್ಗೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಮೈದಾನಕ್ಕೆ ಅಗಲ ಅಂಚಿನ ಟೋಪಿ. ಉರಿಯೂತ ಇಳಿಸುವ ಸೌಮ್ಯ ಸ್ಟೀರಾಯ್ಡ್ ಕ್ರೀಮ್, ಹೈಡ್ರೋಕಾರ್ಟಿಸೋನ್, ಬರೀ 4 ದಿನಕ್ಕೆ ಕೊಟ್ಟೆ, ಮಿಕ್ಕಿದ್ದನ್ನು ಎಸೆಯಿರಿ ಅಂದೆ.

ಎರಡು ವಾರಕ್ಕೆ ಉರಿ ಹೋಯಿತು. ಕೆನ್ನೆಯ ಮೇಲೆ ಎರಡು ಕಡೆ ಮಬ್ಬು ಕಪ್ಪು ಉಳಿಯಿತು. ಬಣ್ಣ ಜಾಸ್ತಿ ಇರುವ ಚರ್ಮದಲ್ಲಿ ಉರಿಯೂತ ಹೋಗುವಾಗ ಹೀಗೆ ಕಲೆ ಬಿಟ್ಟು ಹೋಗುತ್ತದೆ, ಮಾಯಲು ತಿಂಗಳುಗಳೇ ಬೇಕು. ಕಲೆ ಹೋಗಲಿ ಅಂತ ಹಚ್ಚಿದ ಮದ್ದೇ ಕಲೆ ತರುವುದು ಇಲ್ಲಿಯೇ. ನಾನು ಪವರ್ ಆರಿಸುವಾಗ ಅಷ್ಟು ಹಿಂದೆಮುಂದೆ ನೋಡುವುದಕ್ಕೆ ಇದೂ ಒಂದು ಕಾರಣ.

ಕ್ರೀಮಿಗೆ ಬಗ್ಗುವುದು ಯಾವುದು, ಬಗ್ಗದ್ದು ಯಾವುದು

ಎರಡನೇ ಭೇಟಿಯಲ್ಲಿ ಅವರ ಕೈಗೆ ಕನ್ನಡಿ ಕೊಟ್ಟೆ. ಇಬ್ಬರೂ ಸೇರಿ ಮುಖವನ್ನು ಭಾಗ ಭಾಗವಾಗಿ ನೋಡಿದೆವು. ಕಣ್ಣಿನ ಹೊರಮೂಲೆಯ ಸಣ್ಣ ಗೆರೆಗಳು: ಟ್ರೆಟಿನಾಯಿನ್‌ಗೆ ಸ್ವಲ್ಪ ಬಗ್ಗುತ್ತವೆ. ಹಣೆಯ ದೊರಗು: ಚೆನ್ನಾಗಿ ಬಗ್ಗುತ್ತದೆ. ಕೆನ್ನೆಯ ಚುಕ್ಕೆಚುಕ್ಕೆ ಕಂದು ಕಲೆ: ನಿಧಾನಕ್ಕೆ ತಿಳಿಯಾಗುತ್ತದೆ. ಮೂಗಿನಿಂದ ಬಾಯಿಗೆ ಇಳಿಯುವ ಆಳದ ಮಡಿಕೆ, ದವಡೆಯ ಜೋಲು: ಯಾವ ಪವರ್‌ಗೂ ಬಗ್ಗುವುದಿಲ್ಲ. ಅಲ್ಲಿ ಒಳಗಿನ ಕೊಬ್ಬು, ಮೂಳೆ ಎಲ್ಲ ಜಾಗ ಬದಲಿಸಿರುತ್ತವೆ.

ಕಪಾಲದ ಪಕ್ಕ ಒಂದು ಕಂದು ಗುರುತು ಸ್ವಲ್ಪ ಉಬ್ಬಿತ್ತು. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದೆ. ವಯಸ್ಸಾದಂತೆ ಬರುವ ಸೆಬೊರಿಕ್ ಕೆರಟೋಸಿಸ್, ಅಪಾಯವಿಲ್ಲ, ಆದರೆ ಕ್ರೀಮಿಗೆ ಹೋಗುವುದೂ ಇಲ್ಲ. ಸುಕ್ಕಿನ ಕ್ರೀಮ್ ಬರೆಯುವ ಮೊದಲು ಕಲೆಗಳನ್ನು ಒಂದೊಂದಾಗಿ ನೋಡುವುದು ಸುಮ್ನೆ ಶಾಸ್ತ್ರಕ್ಕಲ್ಲ. ಬಿಸಿಲು ಕಂಡ ಚರ್ಮದಲ್ಲಿ ಎಲ್ಲ ಕಲೆಯೂ ಬರೀ ಕಲೆ ಆಗಿರುವುದಿಲ್ಲ.

"ಮೊಡವೆ ಮದ್ದು ಸುಕ್ಕಿಗೆ ಹೇಗೆ ಬಂತು?" ಅಂತ ಕೇಳಿದರು. ಟ್ರೆಟಿನಾಯಿನ್ ಅಂದರೆ ಎ ವಿಟಮಿನ್ನಿನ ಆಮ್ಲ ರೂಪ. ಅಮೆರಿಕದಲ್ಲಿ 1971ರಲ್ಲಿ ಮೊಡವೆಗೆ ಒಪ್ಪಿಗೆ ಸಿಕ್ಕಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮೊಡವೆಗೆ ಕೊಡುತ್ತಿದ್ದಾಗ, ವಯಸ್ಸಾದ ಹೆಂಗಸರು ಚರ್ಮ ನಯವಾಗಿದೆ, ಗೆರೆ ಕಮ್ಮಿಯಾಗಿದೆ ಅನ್ನತೊಡಗಿದರು. ಅಲ್ಲಿಂದ ಶುರು. (ಇದೇ ಕ್ಲಿಗ್ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದವರು. ಮದ್ದು ಒಳ್ಳೆಯದು ಅಂತ ಅದನ್ನು ಮರೆಯಬಾರದು.) 1995ರಲ್ಲಿ 0.05% ಟ್ರೆಟಿನಾಯಿನ್ ಕ್ರೀಮಿಗೆ ರೆನೋವಾ ಅನ್ನುವ ಹೆಸರಲ್ಲಿ ಸಣ್ಣ ಸುಕ್ಕು, ಕಲೆ, ದೊರಗಿನ ಬಳಕೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಚೀಟಿಯಲ್ಲೇ, ಇದು ಸುಕ್ಕನ್ನು ಅಳಿಸುವುದಿಲ್ಲ ಅಂತ ಬರೆದಿದ್ದರು.

ಆಮೇಲೆ 2000ದಲ್ಲಿ ಅದೇ ಹೆಸರಲ್ಲಿ ಇನ್ನೊಂದು ಬಂತು. ಎಷ್ಟು ಪವರ್‌ದು ಅಂದುಕೊಂಡಿರಿ? 0.02%. ಮೊದಲಿನದಕ್ಕಿಂತ ಕಮ್ಮಿ!

ಯಾವ ನಂಬರು

ಟ್ರೆಟಿನಾಯಿನ್ ಕ್ರೀಮ್ ಮುಖ್ಯವಾಗಿ 0.025, 0.05, 0.1 ಪರ್ಸೆಂಟ್‌ಗಳಲ್ಲಿ ಸಿಗುತ್ತದೆ. ನೋಡಲು ಎಲ್ಲವೂ ಚಿಲ್ಲರೆ ನಂಬರು. ಆದರೆ 0.1 ಅನ್ನುವುದು 0.025ರ ನಾಲ್ಕು ಪಟ್ಟು. ಒಂದು ಗ್ರಾಂ ಕ್ರೀಮಿನಲ್ಲಿ 0.025 ಆದರೆ ಕಾಲು ಮಿಲಿಗ್ರಾಂ ಮದ್ದು, 0.1 ಆದರೆ ಒಂದು ಮಿಲಿಗ್ರಾಂ.

ಈಗ ಇವರ ಲೆಕ್ಕ ಹಾಕಿ. 0.1% ಕ್ರೀಮು, ರಾತ್ರಿಗೆ 0.8 ಗ್ರಾಂ. ಅಂದರೆ ದಿನಾ 0.8 ಮಿಲಿಗ್ರಾಂ. ನಾನು ಮೊದಲ ಸಲ ಬರೆಯುವುದು 0.025%, ಕಾಲು ಗ್ರಾಂ. ಅಂದರೆ 0.06 ಮಿಲಿಗ್ರಾಂ ಚಿಲ್ಲರೆ. ಅವರು ಹಚ್ಚಿದ್ದು ಅದರ ಹನ್ನೆರಡು ಹದಿಮೂರು ಪಟ್ಟು, ಅದೂ ಮೊದಲ ರಾತ್ರಿಯಿಂದಲೇ, ಪ್ರತಿ ರಾತ್ರಿ. ಕಾಗದದ ಮೇಲೆ ಈ ಲೆಕ್ಕ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹೊಸ ಹುಡುಗನನ್ನ ಮೊದಲನೇ ದಿನವೇ ಹತ್ತು ಸುತ್ತು ಓಡಿಸಿದ ಹಾಗಾಯ್ತು" ಅಂದರು. ನಾನು ಆ ಹೋಲಿಕೆಯನ್ನು ಆಮೇಲೆ ಬೇರೆಯವರಿಗೂ ಹೇಳಿದ್ದೇನೆ.

ಆದರೂ ಅವರಿಗೆ ಒಂದು ಅನುಮಾನ ಉಳಿದೇ ಇತ್ತು. ಕಮ್ಮಿ ಪವರ್‌ನದು ಕೊಟ್ಟರೆ ಕೆಲಸವೂ ಕಮ್ಮಿ ಆಗುತ್ತದಲ್ವಾ? ನ್ಯಾಯವಾದ ಪ್ರಶ್ನೆ. ಮಿಶಿಗನ್ ವಿಶ್ವವಿದ್ಯಾಲಯದವರು 1995ರಲ್ಲಿ ಇದನ್ನೇ ನೇರವಾಗಿ ಪರೀಕ್ಷಿಸಿದರು. ಬಿಸಿಲಿಗೆ ಸವೆದ ಚರ್ಮದ 99 ಜನ, 48 ವಾರ. ಕೆಲವರಿಗೆ 0.1%, ಕೆಲವರಿಗೆ 0.025%, ಇನ್ನು ಕೆಲವರಿಗೆ ಮದ್ದಿಲ್ಲದ ಕ್ರೀಮು. ಕೊನೆಗೆ ನೋಡಿದರೆ ಎರಡೂ ಪವರ್‌ನಲ್ಲಿ ಸುಧಾರಣೆ ಹೆಚ್ಚುಕಮ್ಮಿ ಒಂದೇ. ಚರ್ಮದ ಮೇಲ್ಪದರ ದಪ್ಪವಾದದ್ದು ಒಂದರಲ್ಲಿ 30%, ಇನ್ನೊಂದರಲ್ಲಿ 28%. ಕೆಂಪು, ಸಿಪ್ಪೆ ಮಾತ್ರ 0.1ರಲ್ಲಿ ಬಹಳ ಜಾಸ್ತಿ.

ಇದು ಹೀಗಾಗುವುದಕ್ಕೆ ಕಾರಣ ಒರಟಾಗಿ ಹೇಳಬಹುದು. ಟ್ರೆಟಿನಾಯಿನ್ ಜೀವಕೋಶದೊಳಗಿನ ಗ್ರಾಹಕಗಳಿಗೆ ಅಂಟಿ ಕೆಲಸ ಮಾಡುತ್ತದೆ. ಬೀಗಕ್ಕೆ ಕೀಲಿ ಬಿದ್ದ ಮೇಲೆ ಇನ್ನೂ ಹತ್ತು ಕೀಲಿ ತಂದು ಸುರಿದರೆ ಬಾಗಿಲು ಜಾಸ್ತಿ ತೆರೆಯುವುದಿಲ್ಲ. ಒಳಗೆ ಹೊಸ ಕೊಲಾಜನ್ (ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ನಾರು) ಹುಟ್ಟುವುದು, ಬಿಸಿಲು ಎಬ್ಬಿಸುವ ಕೊಲಾಜನ್ ಕತ್ತರಿಸುವ ಕಿಣ್ವಗಳು ತಣ್ಣಗಾಗುವುದು, ಇವೆಲ್ಲ ತಿಂಗಳುಗಳ ಕೆಲಸ. ಕೊಲಾಜನ್ ಹುಟ್ಟುವುದು 80% ಜಾಸ್ತಿಯಾಯಿತು ಅಂತ 1993ರಲ್ಲಿ ತೋರಿಸಿದ ಅಧ್ಯಯನವೂ 10ರಿಂದ 12 ತಿಂಗಳ ಬಳಕೆಯದ್ದು. ಹಾಗಾಗಿ ಒಂದು ವರ್ಷ ಬಿಡದೆ ಹಚ್ಚಲು ಆಗುವ ಪವರ್ ಯಾವುದೋ ಅದು ನಿಮ್ಮದು. ನಾಲ್ಕನೇ ವಾರಕ್ಕೆ ಬಿಟ್ಟುಬಿಡುವ ಪವರ್ ಎಷ್ಟೇ ದೊಡ್ಡದಿದ್ದರೂ ಸೊನ್ನೆಯೇ.

ಬೇರೆ ದಾರಿಗಳನ್ನೂ, ಅಂದರೆ ಬೇರೆ ರೆಟಿನಾಯ್ಡ್‌ಗಳನ್ನೂ ತೂಗಿ ನೋಡಿದೆ. ಟಾಜರೋಟಿನ್ 0.1% ಕ್ರೀಮ್ ಮುಖದ ಸಣ್ಣ ಸುಕ್ಕಿಗೆ ಒಪ್ಪಿಗೆ ಪಡೆದದ್ದೇ, ಆದರೆ ಕೆರಳಿಸುವುದರಲ್ಲಿ ಅಣ್ಣ. ಈ ಮುಖಕ್ಕೆ ಬೇಡ. ಅಡಾಪಲೀನ್ ಸೌಮ್ಯ, ಆದರೆ ಸುಕ್ಕಿನ ವಿಷಯದಲ್ಲಿ ಟ್ರೆಟಿನಾಯಿನ್‌ಗೆ ಇರುವಷ್ಟು ಪುರಾವೆ ಅದಕ್ಕಿಲ್ಲ. ಚೀಟಿಯಿಲ್ಲದೆ ಸಿಗುವ ರೆಟಿನಾಲ್ ಚರ್ಮದಲ್ಲಿ ಎರಡು ಹಂತ ದಾಟಿ ಆಮ್ಲವಾಗಬೇಕು, ಅದಕ್ಕೇ ಮೆದು, ಅದಕ್ಕೇ ನಿಧಾನ. ಟ್ರೆಟಿನಾಯಿನ್ ಎರಡನೇ ಸಲವೂ ಒಗ್ಗದಿದ್ದರೆ ಅಲ್ಲಿಗೆ ಹೋಗೋಣ ಅಂತ ಇಟ್ಟುಕೊಂಡೆ.

ಜೆಲ್ಲೋ, ಕ್ರೀಮೋ ಅನ್ನುವುದನ್ನು ಜನ ಕೇಳುವುದೇ ಇಲ್ಲ, ಅದು ನಂಬರಿನಷ್ಟೇ ಮುಖ್ಯ. ಆಲ್ಕೋಹಾಲ್ ಇರುವ 0.025% ಜೆಲ್, ಅದೇ ನಂಬರಿನ ಕ್ರೀಮಿಗಿಂತ ಜಾಸ್ತಿ ಒಣಗಿಸುತ್ತದೆ. ಎಣ್ಣೆಮುಖದ ಹದಿನೆಂಟರ ಹುಡುಗನಿಗೆ ಜೆಲ್ ಸರಿ. ಮುಟ್ಟು ನಿಂತ ಮೇಲೆ ಚರ್ಮದ ಎಣ್ಣೆ ಇಳಿದಿರುತ್ತದೆ, ಕೊಲಾಜನ್ ಕೂಡ ಮೊದಲ ಐದು ವರ್ಷದಲ್ಲೇ ಸುಮಾರು 30% ಕರಗಿರುತ್ತದೆ. ಅಂಥ ಚರ್ಮಕ್ಕೆ ಕ್ರೀಮೇ ಬೇಕು.

ಬರೆದುಕೊಟ್ಟದ್ದು: ಟ್ರೆಟಿನಾಯಿನ್ 0.025% ಕ್ರೀಮ್, 20 ಗ್ರಾಂ, ವಾರಕ್ಕೆ 2 ರಾತ್ರಿ. ಮುಖ ತೊಳೆದು, ಒರೆಸಿ, 20 ನಿಮಿಷ ಒಣಗಲು ಬಿಡಬೇಕು. ಮೊದಲು ತೆಳುವಾಗಿ ಮಾಯಿಶ್ಚರೈಸರ್, ಅದರ ಮೇಲೆ ಬಟಾಣಿ ಕಾಳಿನಷ್ಟು ಕ್ರೀಮು, ಮತ್ತೆ ಮೇಲೆ ಮಾಯಿಶ್ಚರೈಸರ್. ಹೀಗೆ ಮೇಲೆ ಕೆಳಗೆ ಹಚ್ಚಿದರೆ ಮದ್ದಿನ ಬಿರುಸು ಸ್ವಲ್ಪ ತಗ್ಗಬಹುದು. ತಗ್ಗಲಿ. ಮೊದಲ ಎರಡು ತಿಂಗಳು ನನಗೆ ಬೇಕಿದ್ದು ಚರ್ಮ ಒಗ್ಗಿಕೊಳ್ಳುವುದು, ಅಷ್ಟೇ.

ಹಚ್ಚುವುದನ್ನು ನನ್ನೆದುರೇ ಮಾಡಿಸಿದೆ. ಬಾಯಲ್ಲಿ ಹೇಳಿದರೆ ಬಟಾಣಿ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಗಾತ್ರ. ಬೆರಳ ತುದಿಗೆ ಒಂದು ಕಾಳಿನಷ್ಟು ತೆಗೆದುಕೊಂಡು, ಹಣೆಗೆ ಒಂದು ಚುಕ್ಕೆ, ಎರಡು ಕೆನ್ನೆಗೆ ಒಂದೊಂದು, ಗಲ್ಲಕ್ಕೆ ಒಂದು. ಆಮೇಲೆ ಹೊರಕ್ಕೆ ಸವರುವುದು. ಮೂಗಿನ ಸಂದಿ, ಬಾಯಿಯ ಮೂಲೆ, ರೆಪ್ಪೆಗೆ ಹೋಗಬಾರದು. ಹಾಗೆ ಮಾಡಿದ ಮೇಲೆ ಬೆರಳು ನೋಡಿಕೊಂಡು, "ಇಷ್ಟೇನಾ? ಏನೂ ಹಚ್ಚಿದ ಹಾಗೇ ಇಲ್ಲ" ಅಂದರು. ಸರಿಯಾಗಿ ಹಚ್ಚಿದರೆ ಹಾಗೇ ಅನಿಸಬೇಕು.

ರಾತ್ರಿಯೇ ಯಾಕೆ ಅಂದರೆ ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ. ಬೆಳಿಗ್ಗೆ 30ಕ್ಕೆ ಕಮ್ಮಿ ಇಲ್ಲದ ಎಸ್‌ಪಿಎಫ್‌ನ ಸನ್‌ಸ್ಕ್ರೀನ್ ಬೇಕೇ ಬೇಕು, ಮೈದಾನದಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ರಾತ್ರಿ ಕಟ್ಟಿದ್ದನ್ನು ಹಗಲು ಕೆಡವಿದರೆ ಯಾವ ಪವರ್ ಕೊಟ್ಟೂ ಏನು ಫಲ.

ತಂಗಿ ಮಗಳಿಗೂ ಒಂದು ಮಾತು ಹೇಳಿಕಳಿಸಿದೆ. ಬಸಿರಿ ಆಗುವ ಯೋಚನೆ ಇರುವವರು, ಬಸಿರಿಯರು ಯಾವ ರೆಟಿನಾಯ್ಡೂ ಹಚ್ಚಬಾರದು. ಇದು ಮನೆಯಲ್ಲಿ ಎಲ್ಲರೂ ಹಂಚಿಕೊಳ್ಳುವ ಟೂತ್‌ಪೇಸ್ಟ್ ಅಲ್ಲ.

ನನ್ನ ತಪ್ಪು

ಮೊದಲ ತಿಂಗಳು ಸಲೀಸು. ಗಲ್ಲದ ಮೇಲೆ ಸಣ್ಣ ಸಿಪ್ಪೆ, ಅಷ್ಟೇ. ಐದನೇ ವಾರಕ್ಕೆ ಮೂರು ರಾತ್ರಿ ಮಾಡಿದೆವು. ಏಳನೇ ವಾರದಲ್ಲಿ ಫೋನ್ ಬಂತು. ಮೇಲ್ತುಟಿಯ ಮೇಲೆ ಚರ್ಮವೇ ಕಿತ್ತು ಬಂದಿದೆ, ಪಸೆ ಒಸರುತ್ತಿದೆ.

ಮೇಲ್ತುಟಿಗೆ ವ್ಯಾಕ್ಸ್ ಮಾಡಿಸಿದ್ದರು. ವರ್ಷಗಳಿಂದ ಮಾಡಿಸುತ್ತಿದ್ದದ್ದೇ. ಟ್ರೆಟಿನಾಯಿನ್ ಹಚ್ಚಿದ ಚರ್ಮದ ಮೇಲ್ಪದರದ ಹಿಡಿತ ಸಡಿಲವಾಗಿರುತ್ತದೆ, ವ್ಯಾಕ್ಸ್ ಎಳೆದಾಗ ಕೂದಲ ಜೊತೆ ಅದೂ ಬರುತ್ತದೆ. ಇದು ಗೊತ್ತಿರುವ ವಿಷಯ. ನಾನು ಕೇಳಿರಲಿಲ್ಲ. ಸ್ಕ್ರಬ್ ಕೇಳಿದೆ, ಫೇಸ್‌ವಾಶ್ ಕೇಳಿದೆ, ಇದನ್ನು ಬಿಟ್ಟೆ. ತಪ್ಪು ನಂದೇ ಅಂತ ಅವರಿಗೆ ಹೇಳಿದೆ. ಹತ್ತು ದಿನ ಮುಖಕ್ಕೆಲ್ಲ ಕ್ರೀಮು ನಿಲ್ಲಿಸಿ, ವ್ಯಾಸಲೀನ್ ಹಚ್ಚಿಸಿ, ಬಿಸಿಲಿಗೆ ಆ ಜಾಗ ಮುಚ್ಚಿಸಿದೆ. ಪುಣ್ಯಕ್ಕೆ ಕಲೆ ಉಳಿಯಲಿಲ್ಲ. ಈಗ ನನ್ನ ಮೊದಲ ಪ್ರಶ್ನೆಗಳಲ್ಲೇ ವ್ಯಾಕ್ಸ್ ಇದೆ. ಮಾಡಿಸಲೇಬೇಕು ಅನ್ನುವವರು ಕನಿಷ್ಠ ಒಂದು ವಾರ ಮೊದಲೇ ಆ ಜಾಗಕ್ಕೆ ಹಚ್ಚುವುದು ನಿಲ್ಲಿಸಬೇಕು.

ಮತ್ತೆ ಎರಡು ರಾತ್ರಿಯಿಂದ ಶುರು. ನಾಲ್ಕನೇ ತಿಂಗಳ ಕೊನೆಗೆ ವಾರಕ್ಕೆ 5 ರಾತ್ರಿ, ಆರನೇ ತಿಂಗಳಿಗೆ 6. ಒಂದು ರಾತ್ರಿ ರಜಾ, ಅದು ಅವರೇ ಇಟ್ಟುಕೊಂಡದ್ದು. ಮಾಯಿಶ್ಚರೈಸರ್ ಈಗ ಮೇಲೆ ಮಾತ್ರ.

ಆರನೇ ತಿಂಗಳಲ್ಲಿ ಅದೇ ಕುರ್ಚಿ, ಅದೇ ಬೆಳಕು, ಅದೇ ದೂರದಲ್ಲಿ ಫೋಟೋ ತೆಗೆದು ಮೊದಲಿನದರ ಪಕ್ಕ ಇಟ್ಟೆ. ಹಣೆ ನಯವಾಗಿತ್ತು. ಕೆನ್ನೆಯ ಮಬ್ಬು ಕಪ್ಪು ಹೋಗಿತ್ತು, ಹಳೆಯ ಕಂದು ಚುಕ್ಕೆಗಳು ತಿಳಿಯಾಗಿದ್ದವು. ಕಣ್ಣಿನ ಗೆರೆ? ನಿಜ ಹೇಳಬೇಕೆಂದರೆ ಸ್ವಲ್ಪವೇ. ಫೋಟೋ ಇಲ್ಲದಿದ್ದರೆ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

0.05 ಪರೀಕ್ಷೆ

"ಈಗ ಒಗ್ಗಿದೆ ಅಲ್ವಾ, ಇನ್ನು ಮುಂದಿನದಕ್ಕೆ ಹೋಗೋಣ" ಅಂದರು. ನನಗೂ ಕುತೂಹಲ ಇತ್ತು. ಎರಡು ತಿಂಗಳಿಂದ ಉರಿ ಇಲ್ಲ, ಸಿಪ್ಪೆ ಇಲ್ಲ. ಏರಿಸಲು ಅಡ್ಡಿಯೇನೂ ಕಾಣಲಿಲ್ಲ. 0.05% ಬರೆದೆ.

ಎರಡನೇ ವಾರಕ್ಕೇ ಕೆನ್ನೆ ಬಿಗಿಯತೊಡಗಿತು. ರಾತ್ರಿಗಳನ್ನು ಇಳಿಸುತ್ತಾ ಬಂದೆವು, 6 ಹೋಗಿ 4, 4 ಹೋಗಿ 3. ಮೂರು ರಾತ್ರಿಗೆ ಸಮಾಧಾನ ಆಯಿತು. ಅಲ್ಲೇ ಎರಡು ತಿಂಗಳು ನಿಂತೆವು. ನಾಲ್ಕಕ್ಕೆ ಏರಿಸಲು ಹೋದಾಗಲೆಲ್ಲ ಮೂಗಿನ ಪಕ್ಕ ಮತ್ತೆ ಇಟ್ಟಿಗೆ ಬಣ್ಣ.

ಒಂದು ದಿನ ಅವರೇ ಒಂದು ಚೀಟಿ ತಂದರು. ನಾನು ಹಿಂದೆ ಹಾಕಿ ತೋರಿಸಿದ್ದ ಲೆಕ್ಕವನ್ನೇ ಮತ್ತೆ ಹಾಕಿದ್ದರು. 0.05% ಕ್ರೀಮು, ಕಾಲು ಗ್ರಾಂ, 3 ರಾತ್ರಿ: ವಾರಕ್ಕೆ 0.375 ಮಿಲಿಗ್ರಾಂ. 0.025% ಕ್ರೀಮು, ಕಾಲು ಗ್ರಾಂ, 6 ರಾತ್ರಿ: ವಾರಕ್ಕೆ 0.375 ಮಿಲಿಗ್ರಾಂ.

"ಎರಡೂ ಒಂದೇ ಆಯ್ತಲ್ಲ ಡಾಕ್ಟ್ರೇ. ಮತ್ಯಾಕೆ ಈ ಉರಿ?"

ನಾನು ನಕ್ಕೆ. ಚರ್ಮ ಕ್ಯಾಲ್ಕುಲೇಟರ್ ಅಲ್ಲ, ವಾರದ ಮೊತ್ತ ಒಂದೇ ಅಂದ ಮಾತ್ರಕ್ಕೆ ಫಲವೂ ಕಡ್ಡಿ ಮುರಿದ ಹಾಗೆ ಒಂದೇ ಅನ್ನಲಾಗದು. ಆದರೆ ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ತಿಂಗಳ ಫೋಟೋದಲ್ಲಿ 0.05ರ ಪರವಾಗಿ ತೋರಿಸಬಲ್ಲ ಒಂದು ಗೆರೆಯೂ ಸಿಗಲಿಲ್ಲ. ಮೂರು ರಾತ್ರಿಯ ಉರಿಗಿಂತ ಆರು ರಾತ್ರಿಯ ನೆಮ್ಮದಿ ಒಳ್ಳೆಯದು. ಹಳೆಯದಕ್ಕೇ ಮರಳಿದೆವು.

ಎಲ್ಲರಿಗೂ 0.025 ಸಾಕು ಅಂತ ಇದರಿಂದ ತೀರ್ಮಾನಿಸಬೇಡಿ. ಎಣ್ಣೆ ಚರ್ಮದ, ಮೊಡವೆಯೂ ಸುಕ್ಕೂ ಎರಡೂ ಇರುವ ನಲವತ್ತರವರಿಗೆ ನಾನು 0.05 ಕೊಡುತ್ತೇನೆ, ದಿನಾ ಹಚ್ಚಿಯೂ ಆರಾಮಾಗಿರುತ್ತಾರೆ. 0.1 ಕೂಡ ಹಚ್ಚುವವರಿದ್ದಾರೆ. ಏರಿಸಬೇಕೋ ಬೇಡವೋ ಅನ್ನುವಾಗ ನಾನು ನೋಡುವುದು ಎರಡು. ಈಗಿನದ್ದು ಎರಡು ತಿಂಗಳು ಹೆಚ್ಚುಕಮ್ಮಿ ದಿನಾ ಹಚ್ಚಿಯೂ ಚರ್ಮ ಶಾಂತವಾಗಿದೆಯಾ? ಏರಿಸಿದ ಮೇಲೂ ಅಷ್ಟೇ ರಾತ್ರಿ ಹಚ್ಚಲು ಆಗುತ್ತದಾ? ಇವರು ಮೊದಲನೆಯದರಲ್ಲಿ ಪಾಸು, ಎರಡನೆಯದರಲ್ಲಿ ಫೇಲು. ಕುತ್ತಿಗೆಗೆ ಹಚ್ಚುವವರಿಗಂತೂ ಏರಿಸುವ ಮಾತೇ ಬೇಡ. ಅಲ್ಲಿಯ ಚರ್ಮ ಮುಖಕ್ಕಿಂತ ಬೇಗ ಮುನಿಸಿಕೊಳ್ಳುತ್ತದೆ.

14ನೇ ತಿಂಗಳು

ಕಣ್ಣಿನ ಮೂಲೆಯ ಗೆರೆಗಳು ಈಗ ಫೋಟೋ ಇಲ್ಲದೆಯೂ ಗೊತ್ತಾಗುವಷ್ಟು ಕಮ್ಮಿಯಾಗಿದ್ದವು. ಹೋಗಿರಲಿಲ್ಲ, ನಕ್ಕರೆ ಬರುತ್ತಿದ್ದವು, ಬರಲಿ. ಕೆನ್ನೆಯ ಕಲೆಗಳಲ್ಲಿ ಎರಡು ಮಾತ್ರ ಎದ್ದು ಕಾಣುತ್ತಿದ್ದವು. ಕಪಾಲದ ಉಬ್ಬು ಇದ್ದಲ್ಲೇ ಇತ್ತು. ಮೂಗಿನಿಂದ ಇಳಿಯುವ ಮಡಿಕೆ ಮೊದಲ ದಿನದ ಹಾಗೇ. ಆ ಮಡಿಕೆಗೆ ಬೇರೆ ಏನಾದರೂ ಮಾಡಿಸಬೇಕಾ ಅಂತ ಕೇಳಿದೆ. ಬೇಡ ಅಂದರು.

ಮಕ್ಕಳು ಈಗಲೂ ಕೇಳುತ್ತಾರಾ ಅಂದೆ. "ಕೇಳೋದು ನಿಲ್ಲಿಸಿದ್ದಾರೆ. ಟೋಪಿ ಹಾಕ್ತೀನಲ್ಲ, ಮುಖ ಕಂಡರೆ ತಾನೇ" ಅಂದು ನಕ್ಕರು.

ಹೊರಡುವಾಗ ಬ್ಯಾಗಿನಿಂದ ಟ್ಯೂಬ್ ತೆಗೆದು ಟೇಬಲ್ ಮೇಲೆ ಇಟ್ಟರು, ಮೊದಲ ಸಲ ಇಟ್ಟ ಹಾಗೆಯೇ. 0.025%, 20 ಗ್ರಾಂ, ಖಾಲಿ. ಪಕ್ಕದಲ್ಲಿ ಮಾರ್ಕರ್ ಪೆನ್ನಿನಲ್ಲಿ ಒಡೆದ ತಾರೀಕು ಬರೆದಿತ್ತು. ಕಾಲು ಗ್ರಾಂನಂತೆ ವಾರಕ್ಕೆ ಆರು ರಾತ್ರಿಗೆ ಅದು 13 ವಾರ ಬರಬೇಕು. ಕ್ಯಾಲೆಂಡರ್ ನೋಡಿ ಎಣಿಸಿದೆ.

12 ವಾರ, 5 ದಿನ.